ಲಿಂಕನ್‌ಗೆ ಬೆಂಟ್ಲಿಯ ಮುಖ ಯಾಕೆ ಬೇಕಿತ್ತು?

ನಮಸ್ಕಾರ. ಇವತ್ತು ನೇರವಾಗಿ ಒಂದು ಜಗಳದಿಂದಲೇ ಶುರು ಮಾಡೋಣ.

2015ರ ಮಾರ್ಚ್ ಕೊನೆ. ನ್ಯೂಯಾರ್ಕ್ ಮೋಟಾರ್ ಶೋ ಇನ್ನೇನು ಶುರುವಾಗಬೇಕಿತ್ತು. ಫೋರ್ಡ್ ಕಂಪನಿಯ ಐಷಾರಾಮಿ ಬ್ರ್ಯಾಂಡ್ ಲಿಂಕನ್, ತನ್ನ ಹೊಸ ಕಾಂಟಿನೆಂಟಲ್ ಕಾನ್ಸೆಪ್ಟ್ ಕಾರಿನ, ಅಂದರೆ ಮಾರಾಟಕ್ಕೆ ಮೊದಲು ಪ್ರದರ್ಶನಕ್ಕೆ ಮಾಡಿದ ಮಾದರಿಯ ಫೋಟೋ ಬಿಡುಗಡೆ ಮಾಡಿತು. ಗಾಢ ನೀಲಿ ಬಣ್ಣ, ಒಳಗೂ ಹೊರಗೂ ಅದೇ ನೀಲಿ. ಜನ ವಾಹ್ ಎಂದರು. ಆದರೆ ಇಂಗ್ಲೆಂಡಿನ ಕ್ರೂ ಪಟ್ಟಣದಲ್ಲಿ ಒಬ್ಬರಿಗೆ ಸಿಟ್ಟು ನೆತ್ತಿಗೇರಿತು. ಅವರು ಲುಕ್ ಡಾಂಕರ್‌ವೊಲ್ಕೆ, ಆಗ ಬೆಂಟ್ಲಿಯ ಡಿಸೈನ್ ಮುಖ್ಯಸ್ಥ. ಅದಕ್ಕೂ ಮೊದಲು ಲ್ಯಾಂಬೋರ್ಗಿನಿಯಲ್ಲಿ ಮುರ್ಸಿಯೆಲಾಗೊ, ಗಯಾರ್ಡೊ ಕಾರುಗಳಿಗೆ ರೂಪ ಕೊಟ್ಟವರು.

ಅವರು ಫೇಸ್‌ಬುಕ್‌ನಲ್ಲಿ ಎಲ್ಲರ ಎದುರೇ ಬರೆದರು. ಇದಕ್ಕೆ ಫ್ಲೈಯಿಂಗ್ ಸ್ಪರ್ ಕಾನ್ಸೆಪ್ಟ್ ಅಂತಲೇ ಹೆಸರಿಡಬಹುದಿತ್ತು ಅಂತ. ಫ್ಲೈಯಿಂಗ್ ಸ್ಪರ್ ಅಂದರೆ ಬೆಂಟ್ಲಿಯ ನಾಲ್ಕು ಬಾಗಿಲಿನ ಕಾರು. ಲಿಂಕನ್‌ನ ಡಿಸೈನ್ ಮುಖ್ಯಸ್ಥರನ್ನೇ ಉದ್ದೇಶಿಸಿ, ನಮ್ಮ ಕಾರಿನ ಅಚ್ಚುಗಳನ್ನೂ ಕಳಿಸಿಕೊಡೋಣವಾ ಅಂತ ಕೇಳಿದರು. ಬೆಂಟ್ಲಿಯ ಹೊರಮೈ ವಿನ್ಯಾಸ ನೋಡಿಕೊಳ್ಳುತ್ತಿದ್ದ ಸಾಂಗ್‌ಯುಪ್ ಲೀ ಕೂಡ ಬೇಸರ ತೋಡಿಕೊಂಡರು. ಕಾರು ಡಿಸೈನರ್‌ಗಳು ಸಾಮಾನ್ಯವಾಗಿ ಹೀಗೆ ಬಹಿರಂಗವಾಗಿ ಬೈದುಕೊಳ್ಳುವುದಿಲ್ಲ. ಇವತ್ತು ಇಲ್ಲಿ, ನಾಳೆ ಆ ಕಂಪನಿಯಲ್ಲಿ ಕೆಲಸ ಮಾಡುವವರು ಅವರು. ಅದಕ್ಕೇ ಈ ಜಗಳ ಅಷ್ಟು ಸುದ್ದಿಯಾಯಿತು.

ಅವರ ಸಿಟ್ಟು ನ್ಯಾಯವಾಗಿತ್ತಾ? ನನ್ನ ಪ್ರಕಾರ ಮುಕ್ಕಾಲು ಪಾಲು ಹೌದು. ಎರಡೂ ಕಾರುಗಳ ಫೋಟೋ ಅಕ್ಕಪಕ್ಕ ಇಟ್ಟು ನೋಡಿ. ಅಗಲವಾದ ಜಾಲರಿ ಗ್ರಿಲ್, ಅದರ ಸುತ್ತ ದಪ್ಪ ಕ್ರೋಮ್ ಚೌಕಟ್ಟು. ಹಿಂದಿನ ಚಕ್ರದ ಮೇಲೆ ಉಬ್ಬಿ ನಿಂತ ತೊಡೆಯಂಥ ಭಾಗ. ಛಾವಣಿ ಹಿಂದಕ್ಕೆ ಇಳಿಯುವ ರೀತಿ. ಬೆಂಟ್ಲಿಗೆ ನಾಲ್ಕು ದುಂಡು ದೀಪ, ಲಿಂಕನ್‌ಗೆ ಚೌಕ ದೀಪ. ದೀಪ ಮುಚ್ಚಿಬಿಟ್ಟರೆ ದೂರದಿಂದ ಯಾವುದು ಯಾವುದು ಅಂತ ಹೇಳುವುದು ಕಷ್ಟ.

ಆ ಹಿಂಭಾಗದ ಉಬ್ಬು ಇದೆಯಲ್ಲ, ಅದು ಬೆಂಟ್ಲಿಯವರು ನಿನ್ನೆ ಮೊನ್ನೆ ಗೀಚಿದ ಗೆರೆ ಅಲ್ಲ. 1952ರ ಆರ್-ಟೈಪ್ ಕಾಂಟಿನೆಂಟಲ್‌ನಿಂದ ಬಂದದ್ದು. 2003ರಲ್ಲಿ ಕಾಂಟಿನೆಂಟಲ್ ಜಿಟಿ ಮಾಡುವಾಗ ಹಳೆಯ ಕಾರಿನ ಆ ಉಬ್ಬನ್ನು ಹೊಸ ಕಾರಿಗೆ ತಂದರು. ಆಮೇಲೆ ಬಿಡಲೇ ಇಲ್ಲ. ಪ್ರತಿ ಹೊಸ ಮಾಡೆಲ್‌ನಲ್ಲೂ ಅದನ್ನೇ ಸ್ವಲ್ಪ ತಿದ್ದಿ, ಚೂಪು ಮಾಡಿ, ಮತ್ತೆ ಮತ್ತೆ ತೋರಿಸಿದರು. ಹೀಗೆ ವರ್ಷಗಟ್ಟಲೆ ಪಟ್ಟು ಬಿಡದೆ ತೋರಿಸಿದಾಗಲೇ ಒಂದು ಗೆರೆ ಒಂದು ಕಂಪನಿಯ ಸ್ವತ್ತಾಗುವುದು.

ಹೆಸರಿನ ವಿಷಯವೂ ಇಲ್ಲಿ ಹೇಳಬೇಕು. ಕಾಂಟಿನೆಂಟಲ್ ಅನ್ನುವ ಹೆಸರನ್ನು ಲಿಂಕನ್ ಬೆಂಟ್ಲಿಯಿಂದ ತೆಗೆದುಕೊಂಡದ್ದಲ್ಲ. 1939ರಲ್ಲಿ ಹೆನ್ರಿ ಫೋರ್ಡ್ ಮಗ ಎಡ್ಸೆಲ್ ಫೋರ್ಡ್ ತನಗಾಗಿ ಒಂದು ಕಾರು ಮಾಡಿಸಿಕೊಂಡ. ಯುರೋಪಿನ ಕಾರುಗಳ ಹಾಗೆ ತಗ್ಗಾಗಿ, ನೀಳವಾಗಿ ಇರಬೇಕು ಅಂತ ಅವನ ಆಸೆ. ಡಿಸೈನರ್ ಬಾಬ್ ಗ್ರೆಗರಿ ಲಿಂಕನ್ ಜೆಫರ್ ಕಾರನ್ನೇ ಇಳಿಸಿ, ಉದ್ದ ಮಾಡಿ ಕೊಟ್ಟರು. ಅದೇ ಮೊದಲ ಲಿಂಕನ್ ಕಾಂಟಿನೆಂಟಲ್. 1951ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಕೇವಲ ಎಂಟು ಕಾರುಗಳನ್ನು ಕಲಾಕೃತಿಗಳಂತೆ ಪ್ರದರ್ಶನಕ್ಕೆ ಇಟ್ಟಿತು. ಆ ಎಂಟರಲ್ಲಿ 1941ರ ಲಿಂಕನ್ ಕಾಂಟಿನೆಂಟಲ್ ಇತ್ತು. 1939ರ ಒಂದು ಬೆಂಟ್ಲಿಯೂ ಇತ್ತು. ಅವತ್ತು ಎರಡೂ ಸರಿಸಮ ನಿಂತಿದ್ದವು. ಒಂದನ್ನು ನೋಡಿ ಇನ್ನೊಂದು ಅನ್ನುವ ಪ್ರಶ್ನೆಯೇ ಇರಲಿಲ್ಲ.

ನನಗೆ ನಿಜವಾಗಿ ಹೊಟ್ಟೆ ಉರಿಯುವುದು 1961ರ ಕಾಂಟಿನೆಂಟಲ್ ನೆನಪಾದಾಗ.

ಈ ಕಾರನ್ನು ಎಲ್‌ವುಡ್ ಎಂಗಲ್ ಮೊದಲು ರೂಪಿಸಿದ್ದು ಫೋರ್ಡ್ ಥಂಡರ್‌ಬರ್ಡ್‌ಗೋಸ್ಕರ. ರಾಬರ್ಟ್ ಮೆಕ್‌ನಮಾರ, ಹೌದು, ಮುಂದೆ ಅಮೆರಿಕದ ರಕ್ಷಣಾ ಮಂತ್ರಿಯಾದರಲ್ಲ ಅವರೇ, ಆಗ ಫೋರ್ಡ್ ಕಂಪನಿಯ ದೊಡ್ಡ ಹುದ್ದೆಯಲ್ಲಿದ್ದರು, ಆ ಮಾದರಿ ನೋಡಿ ಇದನ್ನು ನಾಲ್ಕು ಬಾಗಿಲಿನ ಲಿಂಕನ್ ಮಾಡಿ ಎಂದರು. ಆ ಕಾಲದ ಅಮೆರಿಕದ ಕಾರು ಅಂದರೆ ಹೇಗಿರುತ್ತಿತ್ತು ಅಂತ ನೆನಪಿಸಿಕೊಳ್ಳಿ. ಮೀನಿನ ರೆಕ್ಕೆ, ರಾಕೆಟ್ ಬಾಲ, ಕಂಡ ಕಂಡಲ್ಲಿ ಕ್ರೋಮ್. ಅದರ ಮಧ್ಯೆ ಈ ಕಾರು ಬಂತು. ಹಿಂದಿನ ವರ್ಷದ ಲಿಂಕನ್‌ಗಿಂತ ಸುಮಾರು 15 ಇಂಚು ಗಿಡ್ಡ. ಪಕ್ಕದಿಂದ ನೋಡಿದರೆ ಬೋಳು ಗೋಡೆಯಷ್ಟು ಸಪಾಟು. ಮುಂದಿನ ದೀಪದ ಮೇಲಿಂದ ಹೊರಟ ಒಂದು ತೆಳುವಾದ ಹೊಳೆಯುವ ಪಟ್ಟಿ, ಮೈಯ ಮೇಲಂಚನ್ನೇ ಹಿಡಿದು ಹಿಂದಿನ ದೀಪದವರೆಗೆ ಹೋಗುತ್ತದೆ. ಹಿಂದಿನ ಬಾಗಿಲು ಹಿಂದಕ್ಕೆ ತೆರೆಯುತ್ತದೆ. ಮುಂದಿನದು ಮುಂದಕ್ಕೆ. ಎರಡೂ ತೆರೆದರೆ ಜೋಡಿ ಬಾಗಿಲಿನ ಹೆಬ್ಬಾಗಿಲು. ಇಷ್ಟೇ. ಈ ಎರಡು ಮೂರು ಸಂಗತಿ ಹೇಳಿದರೆ ಸಾಕು, ಬ್ಯಾಡ್ಜ್ ಕಿತ್ತರೂ ಅದು ಲಿಂಕನ್ ಅಂತ ಗೊತ್ತಾಗುತ್ತದೆ. ಕೆನಡಿ ಡಲ್ಲಾಸ್‌ನಲ್ಲಿ ಕೂತಿದ್ದ ಕಾರು ಇದರದೇ ಉದ್ದ ಮಾಡಿದ ರೂಪ, ಅದೂ ಒಂದು ಕಾರಣ ಜನರ ಮನಸ್ಸಿನಲ್ಲಿ ಉಳಿಯಲು.

ಅಂಥ ಆಸ್ತಿ ಇದ್ದ ಕಂಪನಿ ಬೆಂಟ್ಲಿ ಕಡೆ ನೋಡಿತು. ಅಜ್ಜಿಯ ಜರಿ ಸೀರೆಯನ್ನು ಟ್ರಂಕಿನಲ್ಲೇ ಬಿಟ್ಟು, ಮದುವೆಗೆ ಪಕ್ಕದ ಮನೆಯವರ ಸೀರೆ ಕೇಳಿ ಉಟ್ಟುಕೊಂಡು ಹೋದ ಹಾಗಾಯಿತು.

ಹಳೆಯದನ್ನು ಹೊಸ ಕಾಲಕ್ಕೆ ಹೊಂದಿಸುವುದು ಆಗದ ಮಾತು ಅಂತ ನೀವು ಹೇಳಬಹುದು. ಆಗುತ್ತದೆ. ಲಿಂಕನ್ನೇ ಮಾಡಿ ತೋರಿಸಿತ್ತು! 2002ರಲ್ಲಿ, ಗೆರಿ ಮೆಕ್‌ಗವರ್ನ್ ಅಲ್ಲಿ ಡಿಸೈನ್ ಮುಖ್ಯಸ್ಥರಾಗಿದ್ದಾಗ, ಒಂದು ಕಾಂಟಿನೆಂಟಲ್ ಕಾನ್ಸೆಪ್ಟ್ ಬಂತು. ಅದೇ ಸಪಾಟು ಪಕ್ಕ, ಅದೇ ನೇರ ಗೆರೆ, ಅದೇ ಹೆಬ್ಬಾಗಿಲು. ಆದರೆ ಎಲ್ಲೂ ಹಳೇ ಕಾರಿನ ಗೊಂಬೆ ಅನಿಸುವುದಿಲ್ಲ. ಇವತ್ತು ನೋಡಿದರೂ ತಾಜಾ ಆಗಿದೆ. ಅದು ರಸ್ತೆಗೆ ಬರಲೇ ಇಲ್ಲ. ಆಮೇಲೆ ಲಿಂಕನ್ 1930ರ ದಶಕದ ಜೆಫರ್ ನೆನಪಿನಲ್ಲಿ ಎರಡು ರೆಕ್ಕೆಯಂಥ ಗ್ರಿಲ್ ಹಿಡಿಯಿತು. ಅದು ಸ್ವಂತದ್ದೇ, ನಿಜ. ಆದರೆ ಸಾಧಾರಣ ಕಾರುಗಳ ಮೂತಿಗೆ ಅದನ್ನು ಅಂಟಿಸಿದ್ದರಿಂದ ಯಾರ ಮನಸ್ಸಿಗೂ ಹಿಡಿಸಲಿಲ್ಲ. ಕೆಲವೇ ವರ್ಷಗಳಲ್ಲಿ ಅದನ್ನೂ ಬಿಟ್ಟು ಜಾಲರಿಗೆ ಬಂದರು. ಕೆಲವು ವರ್ಷಕ್ಕೊಮ್ಮೆ ಮುಖ ಬದಲಿಸುವ ಬ್ರ್ಯಾಂಡನ್ನು ರಸ್ತೆಯಲ್ಲಿ ಯಾರು ತಾನೇ ಗುರುತಿಸುತ್ತಾರೆ?

ಇನ್ನೊಂದು ತಾಂತ್ರಿಕ ವಿಷಯ. ಇದು ಗೊತ್ತಾದರೆ ಕಾರು ನೋಡುವ ಕಣ್ಣೇ ಬದಲಾಗುತ್ತದೆ. ಗ್ರಿಲ್ ಕದಿಯುವುದು ಸುಲಭ, ನಿಲುವು ಕದಿಯಲು ಆಗುವುದಿಲ್ಲ. ಪಕ್ಕದಿಂದ ನೋಡುವಾಗ ಮುಂದಿನ ಚಕ್ರದಿಂದ ಮುಂದಿನ ಬಾಗಿಲಿನವರೆಗೆ ಎಷ್ಟು ಜಾಗ ಇದೆ ನೋಡಿ. ಎಂಜಿನ್ ಉದ್ದುದ್ದಕ್ಕೆ ಕೂತು, ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಕಾರಿನಲ್ಲಿ ಆ ಜಾಗ ಜಾಸ್ತಿ. ಹಾಗಿದ್ದಾಗ ಕಾರು ಹಿಂದಕ್ಕೆ ಒರಗಿ ಕೂತ ಯಜಮಾನನಂತೆ ಕಾಣುತ್ತದೆ. ಎಂಜಿನ್ ಅಡ್ಡಡ್ಡ ಕೂತು, ಮುಂದಿನ ಚಕ್ರಕ್ಕೆ ಶಕ್ತಿ ಹೋದರೆ, ಚಕ್ರ ಬಾಗಿಲಿನ ಹತ್ತಿರಕ್ಕೆ ಬರುತ್ತದೆ, ಮೂತಿ ಮುಂದಕ್ಕೆ ಚಾಚುತ್ತದೆ. 2016ರಲ್ಲಿ ಮಾರಾಟಕ್ಕೆ ಬಂದ ಕಾಂಟಿನೆಂಟಲ್ ಈ ಎರಡನೇ ಜಾತಿಯದು. ಹಾಗಾಗಿ ಕಾನ್ಸೆಪ್ಟ್‌ನ ಅರ್ಧ ಸೊಗಸು ಅಲ್ಲೇ ಹೋಯಿತು. ಬೆಂಟ್ಲಿಗೂ ಈ ಕಷ್ಟ ಇತ್ತು ಅನ್ನುವುದನ್ನು ಮರೆಯಬಾರದು. ಫೋಕ್ಸ್‌ವ್ಯಾಗನ್ ಫೇಟನ್ ಜೊತೆ ತಳಪಾಯ ಹಂಚಿಕೊಂಡಿದ್ದ ಹಳೆಯ ಫ್ಲೈಯಿಂಗ್ ಸ್ಪರ್‌ನ ಮೂತಿಯೂ ಉದ್ದವೇ. 2019ರಲ್ಲಿ ಹೊಸ ತಳಪಾಯಕ್ಕೆ ಹೋದಾಗ ಮುಂದಿನ ಚಕ್ರವನ್ನು ಸುಮಾರು 13 ಸೆಂಟಿಮೀಟರ್ ಮುಂದೆ ಸರಿಸಿದರು. ಅಷ್ಟಕ್ಕೇ ಕಾರು ಬೇರೆಯೇ ಆಯಿತು.

ಅಂದರೆ 2015ರಲ್ಲಿ ಲಿಂಕನ್ ಅನುಸರಿಸಿದ್ದು ಬೆಂಟ್ಲಿಯವರೇ ಮುಂದೆ ಸರಿಯಿಲ್ಲ ಅಂತ ತಿದ್ದಿಕೊಂಡ ಹಳೆಯ ರೂಪವನ್ನು. ಬೇರೆಯವರನ್ನು ನೋಡಿ ಬರೆದರೆ ಹೀಗೇ, ಅವರ ತಪ್ಪೂ ಜೊತೆಗೆ ಬರುತ್ತದೆ.

ಆದರೂ ಆ ಕಾರಿನಲ್ಲಿ ಒಂದು ಅಪ್ಪಟ ಲಿಂಕನ್ ಸಂಗತಿ ಇತ್ತು. ಅದು ಬಾಗಿಲ ಹಿಡಿ. ಬಾಗಿಲಿನ ಮಧ್ಯದಲ್ಲಿ ಹಿಡಿಯೇ ಇಲ್ಲ. ಕಿಟಕಿಯ ಕೆಳಗೆ ಒಂದು ಕ್ರೋಮ್ ಪಟ್ಟಿ ಇದೆ, ಆ ಪಟ್ಟಿಯೇ ಬಾಗಿಲ ಹತ್ತಿರ ಸ್ವಲ್ಪ ಹೊರಗೆ ಬಂದು ಹಿಡಿಯಾಗುತ್ತದೆ. ಅದರ ಹಿಂದೆ ಬೆರಳು ಹಾಕಿ ಒತ್ತಿದರೆ ಸಾಕು. ಹಿಡಿ ಅಲುಗುವುದಿಲ್ಲ, ಎಳೆಯುವ ಕೆಲಸ ಇಲ್ಲ, ಮೋಟಾರ್ ಬೀಗ ಬಿಡಿಸುತ್ತದೆ. ಇದರಿಂದ ಬಾಗಿಲಿನ ಮೈ ಪೂರ್ತಿ ಬೋಳಾಗಿ, ಸಪಾಟಾಗಿ ಉಳಿಯಿತು. 1961ರ ಆ ಹೊಳೆಯುವ ಪಟ್ಟಿ ಮತ್ತು ಆ ಬೋಳು ಪಕ್ಕ, ಎರಡೂ ಇಲ್ಲಿ ಹೊಸ ರೂಪದಲ್ಲಿ ಬಂದವು. ಸ್ವಂತಿಕೆ ಅಂದರೆ ನನಗೆ ಇದು. ಹಿಂದೆ ಯಾರೂ ನೋಡಿರದ ವಿಚಿತ್ರ ಮಾಡುವುದಲ್ಲ. ತನ್ನದೇ ಯೋಚನೆಯನ್ನು ಇನ್ನೊಂದು ಹೆಜ್ಜೆ ಮುಂದೆ ತೆಗೆದುಕೊಂಡು ಹೋಗುವುದು. ಆ ಹಿಡಿಯನ್ನು ಬರೆದವರಿಗೆ ಇಡೀ ಕಾರನ್ನು ಬಿಟ್ಟುಕೊಡಬೇಕಿತ್ತು.

2019ರ ಮಾಡೆಲ್‌ಗೆ ಲಿಂಕನ್, ಕಾಂಟಿನೆಂಟಲ್‌ನ 80 ವರ್ಷದ ನೆನಪಿಗೆ ಅಂತ 80 ಕಾರುಗಳನ್ನು ಆರು ಇಂಚು ಉದ್ದ ಮಾಡಿ, ಹಿಂದಕ್ಕೆ ತೆರೆಯುವ ಬಾಗಿಲು ಕೂರಿಸಿ ಮಾರಿತು. ಬೆಲೆ ಒಂದು ಲಕ್ಷ ಡಾಲರ್ ದಾಟಿತ್ತು. ಎಲ್ಲ ಬೇಗನೆ ಖಾಲಿ. ಜನ ಕೇಳುತ್ತಿದ್ದದ್ದು ಏನು ಅಂತ ಅಲ್ಲೇ ಗೊತ್ತಾಗುತ್ತದೆ ಅಲ್ವಾ? ಮಾಮೂಲಿ ಕಾಂಟಿನೆಂಟಲ್ ಮಾತ್ರ ಸರಿಯಾಗಿ ಓಡಲಿಲ್ಲ, 2020ರಲ್ಲಿ ನಿಂತುಹೋಯಿತು. ಎಸ್‌ಯುವಿ ಹುಚ್ಚು ಅದಕ್ಕೆ ದೊಡ್ಡ ಕಾರಣ, ಒಪ್ಪುತ್ತೇನೆ. ಎಲ್ಲವನ್ನೂ ಡಿಸೈನ್ ತಲೆಗೆ ಕಟ್ಟಲು ಆಗುವುದಿಲ್ಲ.

ಇನ್ನು ಆ ಸಿಟ್ಟು ಮಾಡಿಕೊಂಡವರ ಕಥೆ. ಡಾಂಕರ್‌ವೊಲ್ಕೆ, ಲೀ ಇಬ್ಬರೂ ಬೆಂಟ್ಲಿ ಬಿಟ್ಟು ಮುಂದಿನ ವರ್ಷವೇ ಕೊರಿಯಾದ ಹ್ಯುಂಡೈ ಸೇರಿದರು. ಹ್ಯುಂಡೈನ ಹೊಸ ಐಷಾರಾಮಿ ಬ್ರ್ಯಾಂಡ್ ಜೆನೆಸಿಸ್ ಆಗಷ್ಟೇ ಹುಟ್ಟಿತ್ತು. ಅದರ ಲಾಂಛನ ಯಾವುದು ಗೊತ್ತಾ? ರೆಕ್ಕೆ ಬಿಚ್ಚಿದ ಬ್ಯಾಡ್ಜ್. ನೋಡಿದ ಕೂಡಲೇ ಬೆಂಟ್ಲಿ ನೆನಪಾಗುತ್ತದೆ. ಅದು ಇವರು ಹೋಗುವ ಮೊದಲೇ, 2008ರಿಂದ ಹ್ಯುಂಡೈನ ಜೆನೆಸಿಸ್ ಅನ್ನುವ ಕಾರಿನ ಮೇಲೆ ಇದ್ದದ್ದು. ಈಗ ಅವರ ಮುಂದೆ ಕಠಿಣ ಪರೀಕ್ಷೆ. ಬೇರೆಯವರಿಗೆ ಹೇಳಿದ ಬುದ್ಧಿಯನ್ನು ತಾವೇ ನಡೆಸಿ ತೋರಿಸಬೇಕು, ಅದೂ ಹಿಂದಿನ ನೆನಪೇ ಇಲ್ಲದ ಬ್ರ್ಯಾಂಡ್‌ನಲ್ಲಿ. ಟ್ರಂಕು ತೆರೆದರೆ ಖಾಲಿ.

ಅವರು ಎರಡು ಗೆರೆ ಎಳೆದರು. 2020ರ ಜಿವಿ80, ಜಿ80 ನೋಡಿ. ಹೆಡ್‌ಲೈಟ್ ಅಂದರೆ ಒಂದರ ಕೆಳಗೆ ಒಂದು ಎರಡು ತೆಳು ಪಟ್ಟಿ. ಅದೇ ಎರಡು ಪಟ್ಟಿ ಮುಂದಿನ ಚಕ್ರದ ಹಿಂದೆ ಇಂಡಿಕೇಟರ್ ಆಗಿ ಮುಂದುವರಿಯುತ್ತದೆ. ಹಿಂದಿನ ದೀಪವೂ ಎರಡೇ ಪಟ್ಟಿ. ಬೇರೆ ಏನೂ ಇಲ್ಲ. ರಾತ್ರಿ ಕನ್ನಡಿಯಲ್ಲಿ ಆ ಎರಡು ಗೆರೆ ಕಂಡರೆ ಹಿಂದೆ ಬರುತ್ತಿರುವುದು ಜೆನೆಸಿಸ್ ಅಂತ ಮಗುವೂ ಹೇಳಬಹುದು. ಬ್ಯಾಡ್ಜ್ ಎರವಲು ಅನಿಸಿದರೂ ಮುಖ ಸ್ವಂತದ್ದಾಯಿತು. ಈ ಕೆಲಸಕ್ಕೆ ನನ್ನ ದೊಡ್ಡ ನಮಸ್ಕಾರ.

ನಕಲು ಅಂದಕೂಡಲೇ ಎಲ್ಲರೂ ಚೀನಾದ ಲ್ಯಾಂಡ್‌ವಿಂಡ್ ಎಕ್ಸ್7 ಹೆಸರು ತೆಗೆಯುತ್ತಾರೆ. ರೇಂಜ್ ರೋವರ್ ಇವೋಕ್‌ನ ಪಡಿಯಚ್ಚು, ಬೆಲೆ ಮಾತ್ರ ತೀರಾ ಕಡಿಮೆ. ಟಾಟಾ ಒಡೆತನದ ಜಾಗ್ವಾರ್ ಲ್ಯಾಂಡ್ ರೋವರ್ ಕೇಸು ಹಾಕಿತು. 2019ರಲ್ಲಿ ಬೀಜಿಂಗ್‌ನ ಚಾಯೊಯಾಂಗ್ ಕೋರ್ಟು ಐದು ಲಕ್ಷಣಗಳು ನಕಲು ಅಂತ ತೀರ್ಪು ಕೊಟ್ಟು, ಮಾರಾಟ ನಿಲ್ಲಿಸಿ, ಪರಿಹಾರ ಕೊಡಿ ಎಂದಿತು. ಒಳ್ಳೆಯದಾಯಿತು. ಆದರೆ ಅಂಥ ನಕಲಿಗೆ ಕೋರ್ಟಿದೆ. ಲಿಂಕನ್ ಮಾಡಿದಂಥದ್ದಕ್ಕೆ ಕೋರ್ಟಿಲ್ಲ, ಅಲ್ಲಿ ನಷ್ಟ ಆಗುವುದು ನಕಲು ಮಾಡಿದವರಿಗೇ. ಅಂದ ಹಾಗೆ ಆ ಇವೋಕ್ ಬಂದದ್ದು ಯಾರ ಕೈಕೆಳಗೆ ಗೊತ್ತಾ? ಗೆರಿ ಮೆಕ್‌ಗವರ್ನ್. ಲಿಂಕನ್ ಪಕ್ಕಕ್ಕಿಟ್ಟ 2002ರ ಕಾಂಟಿನೆಂಟಲ್‌ನ ಅದೇ ಮನುಷ್ಯ.

ಈಗ ಅದೇ ಪ್ರಶ್ನೆ ಜಾಗ್ವಾರ್ ಮುಂದಿದೆ, ಟಾಟಾ ಮನೆಯ ಮಾತಾದ್ದರಿಂದ ನಮಗೂ ಅದರ ಬಗ್ಗೆ ಕಾಳಜಿ. ಸ್ಥಾಪಕ ವಿಲಿಯಂ ಲಯನ್ಸ್ ಹೇಳಿದ್ದರು ಅಂತ ಕಂಪನಿಯೇ ಎತ್ತಿ ಹೇಳುವ ಮಾತಿದೆ, ಜಾಗ್ವಾರ್ ಯಾವುದರ ನಕಲೂ ಆಗಿರಬಾರದು ಅಂತ. ಆದರೆ ಫೋರ್ಡ್ ಕೈಯಲ್ಲಿದ್ದಾಗ ಅದು ತನ್ನನ್ನೇ ನಕಲು ಮಾಡಿಕೊಂಡಿತು. 1998ರಲ್ಲಿ ತೋರಿಸಿದ ಎಸ್-ಟೈಪ್ 1960ರ ದಶಕದ ಕಾರಿನ ಮುಖವಾಡ ಹಾಕಿ ಬಂತು. ಒಳಗಿನ ತಳಪಾಯ ಲಿಂಕನ್ ಎಲ್‌ಎಸ್ ಕಾರಿನದೇ. ಜಾಗ್ವಾರ್‌ನ ಡಿಸೈನ್ ಮುಖ್ಯಸ್ಥ ಇಯಾನ್ ಕ್ಯಾಲಮ್ 2007ರ ಎಕ್ಸ್‌ಎಫ್‌ನಲ್ಲಿ ಅದನ್ನು ಮುರಿದರು. ಈಗ 2024ರ ಡಿಸೆಂಬರಿನಲ್ಲಿ ಮಯಾಮಿಯಲ್ಲಿ ಬಂದ ಟೈಪ್ 00 ಕಾನ್ಸೆಪ್ಟ್ ಇನ್ನೊಂದು ತುದಿಗೆ ಹೋಗಿದೆ. ಹಳೆಯದು ಏನೂ ಇಲ್ಲ. ಹಿಂದಿನ ಕಿಟಕಿ ಕೂಡ ಇಲ್ಲ.

ಅದಕ್ಕೆ ಸ್ವಲ್ಪ ಮೊದಲು ಬಂದ, ಕಾರೇ ಇಲ್ಲದ ಜಾಹೀರಾತಿನ ಗಲಾಟೆ ಬದಿಗಿಡಿ. ಕಾರು ನೋಡಿ. ವಿದ್ಯುತ್ ಕಾರು, ಮುಂದೆ ದೊಡ್ಡ ಎಂಜಿನ್ ಇಲ್ಲ, ಆದರೂ ಅಷ್ಟುದ್ದ ಬಾನೆಟ್ ಇಟ್ಟಿದ್ದಾರೆ. ಬಹಳ ಜನ ಇದನ್ನು ಬೈದರು, ಸುಮ್ನೆ ಜಾಗ ಹಾಳು ಅಂತ. ನನಗೆ ಅದು ಆ ಕಾರಿನಲ್ಲಿ ಸಿಕ್ಕ ಏಕೈಕ ಜಾಗ್ವಾರ್ ಲಕ್ಷಣ. 1960ರ ದಶಕದ ಜಾಗ್ವಾರ್ ಸ್ಪೋರ್ಟ್ಸ್ ಕಾರು ಇ-ಟೈಪ್ ಕಾಲದಿಂದ ಬಂದ ನಿಲುವು ಅದು. ಮುಖ ಕಿತ್ತು ಹಾಕಿದರೂ ನಿಲುವು ಉಳಿಸಿಕೊಂಡಿದ್ದಾರೆ. ಮಾರಾಟಕ್ಕೆ ಬರುವ ನಾಲ್ಕು ಬಾಗಿಲಿನ ಕಾರಿನಲ್ಲೂ ಖರ್ಚು ಉಳಿಸಲು ಆ ಬಾನೆಟ್‌ಗೆ ಕತ್ತರಿ ಹಾಕದಿದ್ದರೆ, ಆಮೇಲೆ ಕನಿಷ್ಠ ಎರಡು ತಲೆಮಾರು ಅದೇ ಮುಖಕ್ಕೆ ಅಂಟಿಕೊಂಡರೆ, ನಾನು ಜಾಗ್ವಾರ್ ಪರ. ಮೊದಲ ವರ್ಷ ಮಾರಾಟ ಕುಸಿಯಿತು ಅಂತ ಹೆದರಿ ಯಾವುದೋ ಜರ್ಮನ್ ಗ್ರಿಲ್ ತಂದು ಅಂಟಿಸಿದರೆ, ಇದೇ ಜಾಗದಲ್ಲಿ ಕೂತು ಲಿಂಕನ್‌ಗೆ ಹೇಳಿದ್ದನ್ನೇ ಅವರಿಗೂ ಹೇಳುತ್ತೇನೆ.