ಮನೆ ಬಿಡುವ ತೀರ್ಮಾನ ಬಿಸಿಲಿರುವಾಗಲೇ ಆಗಲಿ

ಎಲ್ಲರಿಗೂ ನಮಸ್ಕಾರ. ತೋಟದ ಕೆಲಸ ಬಿಟ್ಟು ಬಂದಿದ್ದೀರಿ, ಕೆಲವರು ಮಕ್ಕಳನ್ನೂ ಕರೆದುಕೊಂಡು ಬಂದಿದ್ದೀರಿ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮಳೆಗಾಲಕ್ಕೆ ತಯಾರಾಗುವುದನ್ನು ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೇ ತಿಂಗಳು ಮುಗಿಯುವಷ್ಟರಲ್ಲಿ ಸೌದೆ ಒಳಗೆ ಬಂದಿರುತ್ತದೆ. ಹಪ್ಪಳ, ಉಪ್ಪಿನಕಾಯಿ, ಒಣಮೀನು, ಹಲಸಿನ ಬೀಜ ಎಲ್ಲ ಅಟ್ಟ ಸೇರಿರುತ್ತವೆ. ಕಕ್ಕಡದಲ್ಲಿ, ಅಂದರೆ ಜುಲೈ, ಆಗಸ್ಟ್‌ನ ಜೋರು ಮಳೆಯ ತಿಂಗಳಲ್ಲಿ, ವಾರಗಟ್ಟಲೆ ಅಂಗಳಕ್ಕೆ ಇಳಿಯಲಾಗದಿದ್ದರೂ ಅಡುಗೆಮನೆಗೆ ಏನೂ ಕಡಿಮೆ ಆಗದ ಹಾಗೆ ನಮ್ಮ ಹಿರಿಯರು ನೋಡಿಕೊಂಡರು. ಆದರೆ ಈ ತಯಾರಿಯೆಲ್ಲ ಮನೆಯೊಳಗೆ ಗಟ್ಟಿಯಾಗಿ ಕೂರುವುದಕ್ಕೆ. ಮನೆ ಬಿಟ್ಟು ಹೋಗುವುದಕ್ಕೂ ತಯಾರಿ ಬೇಕು ಅಂತ ನಮಗೆ ತಿಳಿದದ್ದು 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ.

ಆ ವರ್ಷ ಜೂನ್‌ನಿಂದಲೇ ಮಳೆ ಜೋರಿತ್ತು. ಮಣ್ಣು ಆಗಲೇ ನೀರು ಕುಡಿದು ಭಾರವಾಗಿತ್ತು. ಅದರ ಮೇಲೆ ಆಗಸ್ಟ್ ಮಧ್ಯದಲ್ಲಿ, ಆಶ್ಲೇಷ ಮಳೆ ಮುಗಿಯುವ ಹೊತ್ತಿಗೆ, ಒಂದೇ ಸಮ ಸುರಿಯಿತು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಜೋಡುಪಾಲ, ಈ ಹೆಸರು ಕೇಳಿದರೆ ಇವತ್ತಿಗೂ ನಮ್ಮ ಎದೆ ಝಲ್ಲೆನ್ನುತ್ತದೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ರಸ್ತೆಯೇ ಕಡಿದುಹೋಯಿತು. ಮರುವರ್ಷ ತೋರದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಗುಡ್ಡ ಜಾರಿತು. ಒಂದು ಸಲ ಆಗಿ ಮುಗಿದ ಕಥೆ ಇದಲ್ಲ.

ಪರಿಹಾರ ಕೇಂದ್ರದಲ್ಲಿ ಕೆಲಸ ಮಾಡುವಾಗ ನಾನು ಮತ್ತೆ ಮತ್ತೆ ಕೇಳಿದ ಮಾತು, "ಇನ್ನೂ ಸ್ವಲ್ಪ ನೋಡೋಣ ಅಂದುಕೊಂಡೆವು." ಅಪಾಯ ಗೊತ್ತಾಗದೆ ಉಳಿದವರು ಕಮ್ಮಿ. ಕೊಟ್ಟಿಗೆಯಲ್ಲಿ ಹಸು ಇತ್ತು. ಹಾಸಿಗೆ ಹಿಡಿದ ಅಜ್ಜ ಇದ್ದರು. ಗೋದ್ರೇಜ್ ಬೀರುವಿನ ಬೀಗದ ಕೈ ಸಿಗಲಿಲ್ಲ. ಪಕ್ಕದ ಮನೆಯವರು ಹೊರಟಿರಲಿಲ್ಲ, ನಾವೊಬ್ಬರೇ ಹೋದರೆ ಏನಂದುಕೊಳ್ಳುತ್ತಾರೋ ಅನ್ನುವ ಸಂಕೋಚ. ರಾತ್ರಿ ಎರಡು ಗಂಟೆಗೆ, ಕರೆಂಟಿಲ್ಲದ ಕತ್ತಲಲ್ಲಿ, ಇದನ್ನೆಲ್ಲ ಕೂತು ಚರ್ಚಿಸಿ ತೀರ್ಮಾನ ಮಾಡಲು ಯಾರಿಂದಲೂ ಆಗುವುದಿಲ್ಲ. ಅದಕ್ಕೇ ಇವತ್ತೇ ಮಾಡಿ ಅಂತ ಕೇಳಿಕೊಳ್ಳುತ್ತಿದ್ದೇನೆ.

ಯಾವಾಗ ಹೊರಡಬೇಕು? ಇದಕ್ಕೆ ಬೇಕಾದ ಸಾಮಾನು ನಿಮ್ಮಲ್ಲಿ ಹಲವರ ಅಂಗಳದಲ್ಲೇ ಇದೆ. ಬೆಳಗ್ಗೆ ಎದ್ದು ರೈನ್‌ಗೇಜ್ ನೋಡಿ, ಇಂಚು ಸೆಂಟು (ಇಂಚಿನ ನೂರನೇ ಒಂದು ಭಾಗ) ಲೆಕ್ಕ ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಕಾಫಿ ಬೆಳೆಗಾರರಿಗೆ ತಲೆಮಾರುಗಳಿಂದ ಇದೆ. ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಸೆಂಟು ಬಂತು ಅಂತ ನೋಡಲು ಬಳಸುವ ಅದೇ ಪುಸ್ತಕವನ್ನು ಜುಲೈ, ಆಗಸ್ಟ್‌ನಲ್ಲಿ ಪ್ರಾಣ ಉಳಿಸಿಕೊಳ್ಳಲೂ ಬಳಸಿ. ಹವಾಮಾನ ಇಲಾಖೆ 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರೀ ಮಳೆ ಅನ್ನುತ್ತದೆ, ನಮ್ಮ ಲೆಕ್ಕದಲ್ಲಿ ಎರಡೂವರೆ ಇಂಚು. 204.4 ದಾಟಿದರೆ ಅತ್ಯಂತ ಭಾರೀ, ಅಂದರೆ ಎಂಟು ಇಂಚಿಗೂ ಜಾಸ್ತಿ. ರೆಡ್ ಅಲರ್ಟ್ ಕೊಡುವುದು ಸಾಮಾನ್ಯವಾಗಿ ಇಂಥ ಮಳೆಗೆ. ಎರಡೂವರೆ ಇಂಚಿಗೆ ನಾವು ಹೆದರುವವರಲ್ಲ, ಸರಿ. ಆದರೆ ಒಂದು ದಿನದ ಅಂಕಿ ಮಾತ್ರ ನೋಡಬೇಡಿ, ಹಿಂದಿನ ಹತ್ತು ಹದಿನೈದು ದಿನದ್ದನ್ನೂ ಕೂಡಿಸಿ ನೋಡಿ. ಒಣಗಿದ ನೆಲಕ್ಕೆ ಬಿದ್ದ ನಾಲ್ಕು ಇಂಚು ಬೇರೆ, ನೆನೆದು ತುಂಬಿದ ನೆಲಕ್ಕೆ ಬಿದ್ದ ನಾಲ್ಕು ಇಂಚೇ ಬೇರೆ.

ಬರೆಯ, ಅಂದರೆ ಗೋಡೆಯಂತೆ ಕಡಿದಾದ ಮಣ್ಣಿನ ದಿಬ್ಬದ ಕೆಳಗೆ, ಅಥವಾ ಬರೆಯ ಅಂಚಿನಲ್ಲಿ ಮನೆ ಇರುವವರಿಗೆ ನನ್ನ ಮಾತು ಕಟುವಾಗಿಯೇ ಇದೆ. ರೆಡ್ ಅಲರ್ಟ್ ಬಂದ ರಾತ್ರಿ ಆ ಮನೆಯಲ್ಲಿ ಮಲಗಬೇಡಿ. ಸಂಜೆ ಬೆಳಕಿರುವಾಗಲೇ ನೆಂಟರ ಮನೆಗೆ ಹೋಗಿ. ಹತ್ತು ಸಲ ಹೋಗಿ ಹತ್ತು ಸಲವೂ ಏನೂ ಆಗದೆ ವಾಪಸ್ ಬಂದರೆ ಅದು ವ್ಯರ್ಥ ಅಲ್ಲ. ನೆಂಟರಿಗೆ ಈಗಲೇ ಹೇಳಿಡಿ, "ಈ ಮಳೆಗಾಲದಲ್ಲಿ ನಾವು ಹೇಳದೆ ಕೇಳದೆ ಬಂದುಬಿಡಬಹುದು" ಅಂತ. ಬೇಡ ಅನ್ನುವ ಮನೆ ನಮ್ಮಲ್ಲಿ ಇಲ್ಲ.

ಅಲರ್ಟ್ ಇಲ್ಲದೆಯೂ ಗುಡ್ಡ ಕೆಲವು ಸಲ ಸುಳಿವು ಕೊಡುತ್ತದೆ. ಅಂಗಳದಲ್ಲಿ, ತೋಟದಲ್ಲಿ ಹೊಸ ಬಿರುಕು. ನೆಟ್ಟಗಿದ್ದ ಸಿಲ್ವರ್ ಓಕ್ ಮರ, ಕರೆಂಟ್ ಕಂಬ ಒಂದೇ ಕಡೆಗೆ ವಾಲುವುದು. ನಿನ್ನೆಯವರೆಗೆ ಸರಾಗವಾಗಿ ಮುಚ್ಚುತ್ತಿದ್ದ ಬಾಗಿಲು ಇವತ್ತು ಚೌಕಟ್ಟಿಗೆ ಸಿಕ್ಕಿಕೊಳ್ಳುವುದು. ಎಲ್ಲಕ್ಕಿಂತ ಮುಖ್ಯ, ನೀರು ನೋಡಿ. ತಿಳಿಯಾಗಿ ಬರುತ್ತಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪಾದರೆ, ಇಲ್ಲದ ಕಡೆ ನೀರು ಉಕ್ಕಿದರೆ, ಎದ್ದುಬಿಡಿ. ಮಳೆ ಹೊಡೆಯುತ್ತಲೇ ಇದ್ದು ತೋಡಿನ ನೀರು ದಿಢೀರ್ ಕಡಿಮೆಯಾದರೆ ಇನ್ನೂ ಕೆಟ್ಟದ್ದು. ಮೇಲೆಲ್ಲೋ ಮಣ್ಣು, ಮರ ಬಿದ್ದು ನೀರು ಕಟ್ಟಿಕೊಂಡಿದೆ, ಅದು ಒಡೆದಾಗ ಎಲ್ಲವನ್ನೂ ಎಳೆದುಕೊಂಡು ಬರುತ್ತದೆ. ಆಗ ತೋಡಿನ ದಾರಿ ಹಿಡಿದು ಕೆಳಗೆ ಓಡಬಾರದು. ಪಕ್ಕಕ್ಕೆ ಸರಿದು, ಏರಿನ ಕಡೆಗೆ ಹೋಗಬೇಕು.

ಮನೆ ಕಟ್ಟಲು ಜೆಸಿಬಿ ತಂದು ಬರೆ ಕಡಿದು ನೆಲ ಮಟ್ಟ ಮಾಡುತ್ತೇವಲ್ಲ, ಅದರ ಬಗ್ಗೆಯೂ ಹೇಳಬೇಕು. ಗುಡ್ಡದ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆಯೇ ಇರುವುದಿಲ್ಲ. 2018ರ ನಂತರ ಬಂದು ನೋಡಿದ ಭೂವಿಜ್ಞಾನಿಗಳೂ ಮಳೆಯ ಜೊತೆಗೆ ಇದನ್ನೇ ಬೊಟ್ಟು ಮಾಡಿದರು. ಈಗಾಗಲೇ ಕಡಿದದ್ದಾಗಿದ್ದರೆ ಬರೆಯ ಮೇಲ್ಗಡೆಯ ಚರಂಡಿಯನ್ನಾದರೂ ಮಳೆಗೆ ಮುಂಚೆ ಬಿಡಿಸಿಡಿ. ಮನೆಯ ಮೇಲಿನ ಕಡಿದಾದ ಇಳಿಜಾರಿನಲ್ಲಿ ಇಂಗುಗುಂಡಿ ಖಂಡಿತ ಬೇಡ.

ಇನ್ನು ಯಾರು ಏನು ಮಾಡಬೇಕು ಅನ್ನುವುದು. ಪ್ರತಿ ಮನೆಯಲ್ಲೂ ಹೆಸರು ಹಿಡಿದು ಮಾತಾಡಿಕೊಳ್ಳಿ. ಅಜ್ಜಿಯನ್ನು ಎತ್ತಿಕೊಳ್ಳುವವರು ಯಾರು? ಒಬ್ಬರಿಂದ ಆಗದಿದ್ದರೆ ಪಕ್ಕದ ಮನೆಯ ಯಾವ ಹುಡುಗ ಬರುತ್ತಾನೆ? ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತು ಒಂದು ಸಲ ಗೇಟಿನವರೆಗೆ ನಡೆದು ನೋಡಿ. ಮೆಟ್ಟಿಲ ಹತ್ತಿರ ಎಷ್ಟು ಕಷ್ಟ ಆಗುತ್ತದೆ, ಕುರ್ಚಿಯ ಕಾಲು ಎಲ್ಲಿ ತಾಗುತ್ತದೆ ಅನ್ನುವುದು ಹೊತ್ತಾಗಲೇ ಗೊತ್ತಾಗುವುದು. ದನಗಳನ್ನು ಜೊತೆಗೆ ಹೊಡೆದುಕೊಂಡು ಹೋಗಲು ಆಗುವುದಿಲ್ಲ. ಹಗ್ಗ ಬಿಚ್ಚಿ, ಕೊಟ್ಟಿಗೆಯ ಬಾಗಿಲು ತೆರೆದು ಹೊರಡಿ. ಕಟ್ಟಿದ ದನಕ್ಕೆ ದಾರಿಯೇ ಇಲ್ಲ, ಬಿಟ್ಟ ದನ ಏರು ಹುಡುಕಿಕೊಂಡೀತು. ನಾಯಿಯ ಸರಪಳಿಯನ್ನೂ ಬಿಚ್ಚಿ. ಹಗ್ಗ ಬಿಚ್ಚುವುದು ಯಾರ ಕೆಲಸ ಅಂತ ಈಗಲೇ ಹೇಳಿಟ್ಟರೆ, "ನೀನು ಬಿಚ್ಚಿದೆ ಅಂದುಕೊಂಡೆ" ಅನ್ನುವ ಮಾತು ಬರುವುದಿಲ್ಲ.

ಹೊರಡುವ ಚೀಲ ಒಂದೇ ಸಾಕು, ಬಾಗಿಲ ಹತ್ತಿರವೇ ಇರಲಿ. ಕೇಂದ್ರಕ್ಕೆ ಬಂದವರಿಗೆ ಅಕ್ಕಿ, ಕಂಬಳಿ ಬೇಕಾದಷ್ಟು ಸಿಕ್ಕಿತು. ಸಿಗದೆ ಒದ್ದಾಡಿದ್ದು ಬಿಪಿ, ಶುಗರ್ ಮಾತ್ರೆಗೆ. ಮಾತ್ರೆಯ ಹೆಸರೂ ನೆನಪಿಲ್ಲ, ಬಿಳಿ ಬಣ್ಣದ್ದು ಅಂತ ಮಾತ್ರ ಗೊತ್ತು. ಆದ್ದರಿಂದ ಒಂದು ವಾರದ ಮಾತ್ರೆ, ಡಾಕ್ಟರ್ ಚೀಟಿಯ ಜೆರಾಕ್ಸ್, ಇನ್ನೊಂದು ಜೊತೆ ಕನ್ನಡಕ, ಹೆಣ್ಣುಮಕ್ಕಳಿಗೆ ಪ್ಯಾಡ್, ಟಾರ್ಚ್, ಪವರ್ ಬ್ಯಾಂಕ್ ಇಡಿ. ನಗದು ಇಡಿ, ಹತ್ತು, ಇಪ್ಪತ್ತು, ನೂರರ ನೋಟು. ಟವರ್ ಸತ್ತರೆ ಫೋನ್‌ಪೇ ಎಲ್ಲಿಂದ ಬರಬೇಕು? ನಂಬರ್‌ಗಳನ್ನೂ ಕಾಗದದ ಮೇಲೆ ಬರೆಯಿರಿ. 112 ಎಲ್ಲರಿಗೂ ಗೊತ್ತು, ಜಿಲ್ಲೆಯ ವಿಪತ್ತು ಸಹಾಯವಾಣಿ 1077 ಕೂಡ ಬರೆದಿಡಿ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಹಕ್ಕುಪತ್ರ, ಮಕ್ಕಳ ಮಾರ್ಕ್ಸ್ ಕಾರ್ಡ್ ಎಲ್ಲ ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಇರಲಿ. ಪಹಣಿ ಆನ್‌ಲೈನ್‌ನಲ್ಲಿ ಸಿಗುತ್ತದೆ, ಅದಕ್ಕಾಗಿ ವಾಪಸ್ ಒಳಗೆ ಓಡಬೇಡಿ. ಮನೆಯ ನಾಲ್ಕೂ ಕಡೆಯ ಫೋಟೋ ಇವತ್ತೇ ತೆಗೆದು ಊರಾಚೆ ಇರುವ ಮಗನಿಗೋ ಮಗಳಿಗೋ ಕಳಿಸಿಡಿ. ಪರಿಹಾರಕ್ಕೆ ಅರ್ಜಿ ಹಾಕುವಾಗ ಮನೆ ಹೇಗಿತ್ತು ಅಂತ ತೋರಿಸಲು ಬೇಕಾಗುತ್ತದೆ.

ಹೊರಡುವ ಮುಂಚೆ ಮೇನ್ ಸ್ವಿಚ್ ಆಫ್, ಗ್ಯಾಸ್ ರೆಗ್ಯುಲೇಟರ್ ಆಫ್. ಹೋಗುವ ದಾರಿಯಲ್ಲಿ ನೀರು ಹರಿಯುತ್ತಿದ್ದರೆ ದಾಟಬೇಡಿ. ರಭಸವಿದ್ದರೆ ಅರ್ಧ ಅಡಿ ನೀರು ಕೂಡ ದೊಡ್ಡವರನ್ನು ಬೀಳಿಸುತ್ತದೆ, ಒಂದಡಿ ನೀರಿಗೆ ಸಣ್ಣ ಕಾರು ತೇಲುತ್ತದೆ.

ಇಲ್ಲಿ ತೋಟದ ಮಾಲೀಕರೂ ಕೂತಿದ್ದೀರಿ, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ. ತೋಟದ ಕೆಲಸಗಾರರು ಇರುವ ಲೈನ್ ಮನೆಗಳು ಹಲವು ಕಡೆ ಇರುವುದೇ ತೋಡಿನ ಪಕ್ಕ, ಬರೆಯ ಕೆಳಗೆ. ಅಲ್ಲಿರುವವರು ತಾವಾಗಿ ಆ ಜಾಗ ಆರಿಸಿಕೊಂಡವರಲ್ಲ. ಅಸ್ಸಾಂನಿಂದ ಬಂದವರಿಗೆ ಕನ್ನಡದ ಎಚ್ಚರಿಕೆ ಓದಲು ಬರುವುದಿಲ್ಲ, ಈ ಗುಡ್ಡದ ಮಳೆಯ ಪರಿಚಯವೂ ಇಲ್ಲ. ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ 2024ರ ಜುಲೈ 30ರ ನಸುಕಿನಲ್ಲಿ ಗುಡ್ಡ ಬಂದಾಗ ಸತ್ತವರಲ್ಲಿ ನಮ್ಮ ರಾಜ್ಯದಿಂದ ದುಡಿಯಲು ಹೋದವರೂ ಇದ್ದರು. ನಿಮ್ಮ ಮನೆಯಲ್ಲಿ ಹೊರಡುವ ತೀರ್ಮಾನ ಆದ ಗಳಿಗೆಯಲ್ಲೇ ಲೈನ್ ಮನೆಗೂ ಸುದ್ದಿ ಹೋಗಬೇಕು, ಜೀಪಿನಲ್ಲಿ ಅವರಿಗೂ ಜಾಗ ಇರಬೇಕು. ಇದು ಉಪಕಾರ ಅಲ್ಲ, ಮಾಲೀಕರ ಜವಾಬ್ದಾರಿ.

ವಾಪಸ್ ಬಂದ ಮೇಲೂ ಅವಸರ ಬೇಡ. ಗೋಡೆ ನೆನೆದಿದ್ದರೆ ಎಲೆಕ್ಟ್ರೀಷಿಯನ್ ನೋಡುವವರೆಗೆ ಮೇನ್ ಹಾಕಬೇಡಿ. ಸೌದೆ ರಾಶಿ, ಹಾಸಿಗೆ, ಗಂಬೂಟು, ಎಲ್ಲೆಲ್ಲೂ ಹಾವು ಸೇರಿರುತ್ತದೆ, ಕೋಲಿನಿಂದ ಕೆದಕಿ ನೋಡಿ. ಕಚ್ಚಿದರೆ ಹಗ್ಗ ಬಿಗಿಯುವುದು, ಗಾಯ ಕೊಯ್ಯುವುದು ಬೇಡ, ಸೀದಾ ಸರ್ಕಾರಿ ಆಸ್ಪತ್ರೆಗೆ. ಬಾವಿಗೆ ಕೆಸರು ನೀರು ನುಗ್ಗಿದ್ದರೆ ಪಂಪ್ ಹಚ್ಚಿ ಖಾಲಿ ಮಾಡಿಸಿ, ಆಮೇಲೆ ಬ್ಲೀಚಿಂಗ್ ಪೌಡರ್. ಎಷ್ಟು ಹಾಕಬೇಕು ಅಂತ ಆರೋಗ್ಯ ಇಲಾಖೆಯವರನ್ನು ಕೇಳಿ, ಅಲ್ಲಿಯವರೆಗೆ ಬೇರೆ ಕಡೆಯಿಂದ ತಂದ ನೀರನ್ನು ಕುದಿಸಿಯೇ ಕುಡಿಯಿರಿ. ಕೆಸರಿನಲ್ಲಿ ಬರಿಗಾಲಲ್ಲಿ ಕೆಲಸ ಮಾಡಿದವರಿಗೆ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಅದು ಇಲಿ ಜ್ವರ ಇರಬಹುದು. ಡಾಕ್ಟರಿಗೆ "ಕೆಸರಿನಲ್ಲಿ ಕೆಲಸ ಮಾಡಿದ್ದೆ" ಅಂತ ಮೊದಲೇ ಹೇಳಿ.

ಈಗ ನಮ್ಮ ಹುಡುಗರು ಪ್ರತಿ ಮನೆಗೆ ಒಂದು ಹಾಳೆ ಕೊಡುತ್ತಾರೆ. ಹೋಗುವ ಮನೆ ಯಾವುದು, ಹೋಗುವ ದಾರಿ ಯಾವುದು, ಆ ದಾರಿ ಕಡಿದರೆ ಇನ್ನೊಂದು ಯಾವುದು, ಅಜ್ಜ ಅಜ್ಜಿ ಯಾರ ಪಾಲು, ದನದ ಹಗ್ಗ ಯಾರ ಪಾಲು, ಇಷ್ಟು ಬರೆಯಿರಿ. ಪಕ್ಕದ ಮನೆಯವರ ಜೊತೆ ಕೂತು ಬರೆದರೆ ಒಳ್ಳೆಯದು. ಬರೆಯುವಾಗ ಏನೇ ಅನುಮಾನ ಬಂದರೂ ಕರೆಯಿರಿ, ನಾನು ನಿಮ್ಮ ಹತ್ತಿರವೇ ಬರುತ್ತೇನೆ.