ನೀರುನಾಯಿ ಬಂದರೆ ಮಿಂಕ್ ಹೋಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಇವತ್ತು ನಿಮ್ಮನ್ನು ಬ್ರಿಟನ್ನಿನ ಹೊಳೆಗಳ ಕಡೆಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಎರಡು ಪ್ರಾಣಿಗಳ ಕಥೆ ಎಷ್ಟೋ ವರ್ಷಗಳಿಂದ ಒಂದಕ್ಕೊಂದು ತಳಕು ಹಾಕಿಕೊಂಡಿದೆ. ಒಂದು, ಆ ನೆಲದ್ದೇ ಆದ ನೀರುನಾಯಿ. ಇನ್ನೊಂದು, ಉತ್ತರ ಅಮೆರಿಕದಿಂದ ತಂದ ಮಿಂಕ್. ಇವೆರಡರ ಬಗ್ಗೆ ಅಲ್ಲಿ ಎರಡು ಮಾತು ಚಾಲ್ತಿಯಲ್ಲಿವೆ. 'ಮಿಂಕ್ ಬಂತು, ನೀರುನಾಯಿ ಹೋಯಿತು' ಅನ್ನುವುದು ಹಳೆಯ ಮಾತು. 'ಈಗ ನೀರುನಾಯಿ ವಾಪಸ್ ಬಂದಿದೆ, ಮಿಂಕ್ ತಾನಾಗೇ ಹೋಗುತ್ತದೆ ಬಿಡಿ' ಅನ್ನುವುದು ಹೊಸ ಮಾತು. ಮೊದಲನೆಯದು ತಪ್ಪು. ಎರಡನೆಯದು ಅರ್ಧ ನಿಜ. ಆ ಅರ್ಧವನ್ನೇ ಪೂರ್ತಿ ಎಂದು ನಂಬಿ ಸುಮ್ನೆ ಕೂತರೆ ಅದಕ್ಕೆ ಬೆಲೆ ತೆರುವುದು ಮೂರನೆಯ ಒಂದು ಪ್ರಾಣಿ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನೀರುನಾಯಿ ಅಂದರೆ ನಮಗೆ ಗೊತ್ತು. ಹಂಪಿಯ ಕಡೆ ತುಂಗಭದ್ರೆಯಲ್ಲಿ ಗುಂಪಾಗಿ ಮೀನು ಹಿಡಿಯುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಅವುಗಳಿಗಾಗಿಯೇ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದರು. ಬ್ರಿಟನ್ನಿನಲ್ಲಿ ಇರುವುದು ಬೇರೆ ಜಾತಿ, ಯುರೇಷಿಯನ್ ನೀರುನಾಯಿ. ಅದು ಹೆಚ್ಚಾಗಿ ಒಂಟಿಯಾಗಿ, ರಾತ್ರಿ ಹೊತ್ತು ಓಡಾಡುತ್ತದೆ. ಗಂಡು ಎಂಟು ಹತ್ತು ಕಿಲೋ ತೂಗುತ್ತದೆ. ಮಿಂಕ್ ಕೂಡ ಅದೇ ಕುಟುಂಬದ್ದು, ಆದರೆ ತೀರಾ ಚಿಕ್ಕದು. ಗಂಡು ಮಿಂಕ್ ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ ಇರುತ್ತದೆ, ಹೆಣ್ಣು ಸುಮಾರು ಆರುನೂರು ಗ್ರಾಂ. ಹೆಣ್ಣಿನ ಈ ಸಣ್ಣ ಮೈಯನ್ನು ನೆನಪಿಟ್ಟುಕೊಳ್ಳಿ.

ಮಿಂಕ್ ಅಲ್ಲಿಗೆ ಬಂದದ್ದು ತುಪ್ಪಳದ ವ್ಯಾಪಾರಕ್ಕೆ. 1929ರಲ್ಲಿ ಮೊದಲ ಸಾಕಣೆ ಶುರುವಾಯಿತು. ಆಮೇಲೆ ಫಾರಂಗಳು ಹೆಚ್ಚಿದವು, ಪಂಜರದಿಂದ ತಪ್ಪಿಸಿಕೊಳ್ಳುವ ಪ್ರಾಣಿಗಳೂ ಹೆಚ್ಚಿದವು. 1956ರಲ್ಲಿ ಡೆವನ್ ಜಿಲ್ಲೆಯ ಟೀನ್ ನದಿಯಲ್ಲಿ ಮಿಂಕ್ ಕಾಡಿನಲ್ಲೇ ಮರಿ ಹಾಕಿರುವುದು ಮೊದಲ ಬಾರಿಗೆ ಖಚಿತವಾಯಿತು. ಇದನ್ನೆಲ್ಲ ಮಾಡಿದ್ದು ಪ್ರಾಣಿ ಹಕ್ಕು ಹೋರಾಟಗಾರರು ಎಂದು ನಂಬಿದವರು ಇವತ್ತಿಗೂ ಇದ್ದಾರೆ. 1998ರಲ್ಲಿ ರಿಂಗ್‌ವುಡ್ ಊರಿನ ಹತ್ತಿರದ ಒಂದು ಫಾರಂನಿಂದ ಸಾವಿರಾರು ಮಿಂಕ್‌ಗಳನ್ನು ಬಿಟ್ಟದ್ದು ನಿಜ, ಅದು ದೊಡ್ಡ ಸುದ್ದಿಯೂ ಆಯಿತು. ಆದರೆ ಅಷ್ಟು ಹೊತ್ತಿಗೆ ಮಿಂಕ್ ದೇಶದ ಉದ್ದಗಲಕ್ಕೂ ಹಬ್ಬಿ ದಶಕಗಳೇ ಕಳೆದಿದ್ದವು. ಸರ್ಕಾರವೇ 1960ರ ದಶಕದಲ್ಲಿ ಬೋನು ಇಟ್ಟು ಹಿಡಿಸಿ ನೋಡಿತ್ತು, 1970ರಲ್ಲಿ ಕೈ ಚೆಲ್ಲಿತು.

ಇದೇ ಕಾಲಕ್ಕೆ ನೀರುನಾಯಿ ಕಾಣೆಯಾಗತೊಡಗಿತ್ತು. ಒಂದು ಕಡೆ ಹೊಸ ಪ್ರಾಣಿ ಹೆಚ್ಚುತ್ತಿದೆ, ಇನ್ನೊಂದು ಕಡೆ ಹಳೆಯದು ಕಡಿಮೆಯಾಗುತ್ತಿದೆ. ನೋಡಿದವರು ಏನಂದುಕೊಳ್ಳುತ್ತಾರೆ? ಇದು ಅದನ್ನು ಓಡಿಸಿತು ಅಂತಲೇ, ಅಲ್ವಾ?

ನಿಜ ತಿಳಿದದ್ದು ಯಾರೂ ನಿರೀಕ್ಷಿಸದ ಕಡೆಯಿಂದ, ಬೇಟೆಗಾರರ ಲೆಕ್ಕದ ಪುಸ್ತಕಗಳಿಂದ. ಆಗ ಇಂಗ್ಲೆಂಡಿನಲ್ಲಿ ನಾಯಿಗಳ ಹಿಂಡು ಕಟ್ಟಿಕೊಂಡು ನೀರುನಾಯಿ ಬೇಟೆಯಾಡುವ ತಂಡಗಳಿದ್ದವು. ಎಷ್ಟು ದಿನ ಬೇಟೆಗೆ ಹೋದರು, ಎಷ್ಟು ನೀರುನಾಯಿ ಕಂಡವು ಎಂದು ಅವರು ವರ್ಷವರ್ಷವೂ ಬರೆದಿಡುತ್ತಿದ್ದರು. ಪಾಲ್ ಚಾನಿನ್ ಮತ್ತು ಡಾನ್ ಜೆಫ್ರೀಸ್ ಎಂಬ ವಿಜ್ಞಾನಿಗಳು ಆ ಲೆಕ್ಕಗಳನ್ನು ಕೂಡಿಹಾಕಿ 1978ರಲ್ಲಿ ಪ್ರಕಟಿಸಿದರು. 1957ರ ಸುಮಾರಿಗೆ ಸಂಖ್ಯೆ ಇದ್ದಕ್ಕಿದ್ದಂತೆ ಕುಸಿದಿತ್ತು. ಅದೂ ಒಂದು ಹೊಳೆಯಲ್ಲಲ್ಲ, ದೂರದೂರದ ಜಿಲ್ಲೆಗಳಲ್ಲಿ ಒಟ್ಟೊಟ್ಟಿಗೆ. ಮಿಂಕ್ ಆಗಿನ್ನೂ ಅಲ್ಲೊಂದು ಇಲ್ಲೊಂದು ಹೊಳೆಯಲ್ಲಿ ಇತ್ತು ಅಷ್ಟೆ. ಕಾಲಿಡದ ಜಿಲ್ಲೆಯಲ್ಲಿ ಅದು ಯಾರನ್ನು ಓಡಿಸಲು ಸಾಧ್ಯ?

ಓಡಿಸಿದ್ದು ವಿಷ. 1955ರ ಸುಮಾರಿಗೆ ಆಲ್ಡ್ರಿನ್, ಡೀಲ್ಡ್ರಿನ್ ಎಂಬ ಕೀಟನಾಶಕಗಳು ಬಳಕೆಗೆ ಬಂದವು. ಬಿತ್ತನೆ ಬೀಜಕ್ಕೆ ಲೇಪಿಸಿದರು. ಹುಳ ಹುಪ್ಪಟೆ ಸಾಯಲಿ ಎಂದು ಕುರಿಗಳನ್ನು ಅದರ ನೀರಿನಲ್ಲಿ ಮುಳುಗಿಸಿ ಎತ್ತಿದರು. ಅದೆಲ್ಲ ಹರಿದು ಹೊಳೆ ಸೇರಿತು. ಈ ವಿಷ ಬೇಗ ಕರಗಿ ಹೋಗುವಂಥದ್ದಲ್ಲ, ಕೊಬ್ಬಿನಲ್ಲಿ ಕೂತುಬಿಡುತ್ತದೆ. ಹಾವುಮೀನಿನ ಮೈತುಂಬ ಕೊಬ್ಬು, ನೀರುನಾಯಿಗೆ ಹಾವುಮೀನೆಂದರೆ ಪ್ರಾಣ. ದಿನಾ ತಿಂದ ಮೀನಿನ ವಿಷವೆಲ್ಲ ಅದರ ಮೈಯಲ್ಲಿ ಸೇರುತ್ತಾ ಹೋಯಿತು. ಕಾಸರಗೋಡು, ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಸಿಂಪಡಿಸಿದ ಎಂಡೋಸಲ್ಫಾನ್ ಕೂಡ ಇದೇ ರಾಸಾಯನಿಕಗಳ ಬಳಗದ್ದು. ಇಂಥ ವಿಷ ಏನು ಮಾಡುತ್ತದೆ ಎಂದು ಆ ಊರುಗಳವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

1977ರಿಂದ 79ರವರೆಗೆ ಇಂಗ್ಲೆಂಡಿನಲ್ಲಿ ಮೊದಲ ರಾಷ್ಟ್ರೀಯ ಸಮೀಕ್ಷೆ ನಡೆಯಿತು. ನೀರುನಾಯಿ ಕಣ್ಣಿಗೆ ಬೀಳುವುದು ಅಪರೂಪ. ಹಾಗಾಗಿ ಸೇತುವೆಗಳ ಕೆಳಗೆ, ನೀರಂಚಿನ ಕಲ್ಲುಗಳ ಮೇಲೆ ಅದರ ಹಿಕ್ಕೆ ಹುಡುಕಿದರು. 2,940 ಜಾಗ ನೋಡಿದರು. ಗುರುತು ಸಿಕ್ಕಿದ್ದು ಬರೀ 170 ಕಡೆ. ನೂರಕ್ಕೆ ಆರು ಕೂಡ ಇಲ್ಲ. ಮಿಂಕ್ ಯಾರನ್ನೂ ಓಡಿಸಲಿಲ್ಲ, ಖಾಲಿಯಾದ ಹೊಳೆಗೆ ಬಂದು ಕೂತಿತು.

ಆ ವಿಷಗಳನ್ನು 1960ರ ದಶಕದಿಂದ ಹಂತಹಂತವಾಗಿ ನಿಲ್ಲಿಸಿದರು. 1978ರಲ್ಲಿ ಇಂಗ್ಲೆಂಡಿನಲ್ಲಿ ನೀರುನಾಯಿ ಬೇಟೆಯೂ ಕಾನೂನಿನಡಿ ನಿಂತಿತು. ಕೆಲವು ನದಿಗಳಿಗೆ ಸಾಕಿ ಬೆಳೆಸಿದ ನೀರುನಾಯಿಗಳನ್ನು ಬಿಟ್ಟರು. ಆದರೆ ಹೆಚ್ಚಿನ ಕಡೆ ಅವು ತಾವಾಗಿಯೇ, ಉಳಿದಿದ್ದ ಪಶ್ಚಿಮದ ಹೊಳೆಗಳಿಂದ ನಿಧಾನವಾಗಿ ಹಬ್ಬಿಕೊಂಡು ಬಂದವು. 2011ರಲ್ಲಿ ಕೆಂಟ್ ಜಿಲ್ಲೆಯಲ್ಲೂ ಸಿಕ್ಕವು, ಅಲ್ಲಿಗೆ ಇಂಗ್ಲೆಂಡಿನ ಎಲ್ಲ ಜಿಲ್ಲೆಗಳಿಗೂ ಮರಳಿದಂತಾಯಿತು. ಇದು ಓದಿದಾಗಲೆಲ್ಲ ನನಗೆ ಸಂತೋಷ ಕೊಡುವ ವಿಷಯ. ಹಾಗಂತ ವಿಷದ ಅಧ್ಯಾಯ ಮುಗಿದಿಲ್ಲ. ಕಾರ್ಡಿಫ್ ವಿಶ್ವವಿದ್ಯಾಲಯದವರು ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ನೀರುನಾಯಿಗಳನ್ನು ತರಿಸಿಕೊಂಡು ಪರೀಕ್ಷೆ ಮಾಡುತ್ತಾರೆ. ನೀರು, ಎಣ್ಣೆ ಅಂಟದಂತೆ ಬಟ್ಟೆ ಪಾತ್ರೆಗಳಿಗೆ ಬಳಸುವ ಹೊಸ ಕಾಲದ ರಾಸಾಯನಿಕಗಳು ಈಗ ಅವುಗಳ ಮೈಯಲ್ಲಿ ಸಿಗುತ್ತಿವೆ.

ಈಗ ಎರಡನೆಯ ಮಾತಿಗೆ ಬರೋಣ. ನೀರುನಾಯಿ ಬಂದ ಮೇಲೆ ಮಿಂಕ್ ಏನಾಯಿತು?

ಹಲವು ಕಡೆ ಕಡಿಮೆಯಾಯಿತು. ಥೇಮ್ಸ್ ನದಿಯ ಮೇಲ್ಭಾಗಕ್ಕೆ 1999ರಲ್ಲಿ ನೀರುನಾಯಿಗಳನ್ನು ಬಿಟ್ಟರು. ಲಾರಾ ಬೊನೇಸಿ ಮತ್ತು ಡೇವಿಡ್ ಮ್ಯಾಕ್‌ಡೊನಾಲ್ಡ್ ಅಲ್ಲಿ ಮುಂಚೆ ಮತ್ತು ಆಮೇಲೆ ಸಮೀಕ್ಷೆ ಮಾಡಿ ನೋಡಿದರು. ನೀರುನಾಯಿ ನೆಲೆನಿಂತ ಕಡೆ ಮಿಂಕ್‌ನ ಗುರುತುಗಳು ಇಳಿದಿದ್ದವು. ಎಂಟು ಪಟ್ಟು ದೊಡ್ಡ ಪ್ರಾಣಿ ಅದೇ ದಡದಲ್ಲಿ ಅದೇ ಮೀನಿಗೆ ಪೈಪೋಟಿಗೆ ನಿಂತರೆ ಚಿಕ್ಕದು ಜಾಗ ಬಿಡಲೇಬೇಕು. ಸಿಕ್ಕಿಬಿದ್ದರೆ ಜೀವವೇ ಹೋಗಬಹುದು.

ಆದರೆ ಮಿಂಕ್ ಹಟಮಾರಿ. ಮೀನು ಬಿಟ್ಟು ಮೊಲ ಹಿಡಿಯಲು ಕಲಿಯಿತು. ರಾತ್ರಿ ಓಡಾಟ ಬಿಟ್ಟು ಹಗಲಿಗೆ ಬದಲಾಯಿಸಿಕೊಂಡದ್ದನ್ನು ಅದೇ ಥೇಮ್ಸ್ ಪ್ರದೇಶದಲ್ಲಿ ಲಾರೆನ್ ಹ್ಯಾರಿಂಗ್‌ಟನ್ ಮತ್ತು ಜೊತೆಗಾರರು ದಾಖಲಿಸಿದ್ದಾರೆ. ನೀರುನಾಯಿ ಮಲಗಿದಾಗ ಮಿಂಕ್ ಎದ್ದಿರುತ್ತದೆ. ಇನ್ನು ಸ್ಕಾಟ್ಲೆಂಡಿನ ಪಶ್ಚಿಮದ ಹೆಬ್ರಿಡೀಸ್ ದ್ವೀಪಗಳನ್ನು ನೋಡಿ. ಅಲ್ಲಿ ನೀರುನಾಯಿ ಎಂದೂ ಅಳಿದಿರಲಿಲ್ಲ, ದಂಡಿಯಾಗಿಯೇ ಇತ್ತು. ಆದರೂ ಲೂಯಿಸ್ ದ್ವೀಪದ ಫಾರಂಗಳಿಂದ ತಪ್ಪಿಸಿಕೊಂಡ ಮಿಂಕ್ ದ್ವೀಪದಿಂದ ದ್ವೀಪಕ್ಕೆ ಈಜಿ ಹಬ್ಬಿತು, ನೆಲದ ಮೇಲೆ ಮೊಟ್ಟೆಯಿಡುವ ರೀವ ಹಕ್ಕಿಗಳ ಗೂಡುಗಳನ್ನು ಸಾಲುಸಾಲಾಗಿ ಬರಿದು ಮಾಡಿತು. ಕೊನೆಗೆ 2001ರಿಂದ ಜನರೇ ಬೋನು ಹಿಡಿದು ಇಳಿಯಬೇಕಾಯಿತು. ನೀರುನಾಯಿಯೊಂದೇ ಸಾಕಾಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಮೂರನೆಯ ಪ್ರಾಣಿ ಎಂದೆನಲ್ಲ, ಅದರ ಹೆಸರು ವಾಟರ್ ವೋಲ್. ಇಲಿಯಂಥ, ದುಂಡು ಮುಖದ, ಹುಲ್ಲು ಮೇಯುವ ಪಾಪದ ಜೀವ. ಹೊಳೆಯ ದಡದಲ್ಲಿ ಬಿಲ ತೋಡಿರುತ್ತದೆ. ಅಪಾಯ ಕಂಡರೆ ಡುಬುಕ್ಕನೆ ನೀರಿಗೆ ಹಾರಿ, ಕಾಲಿನಿಂದ ಕೆಸರು ಕದಡಿ, ನೀರೊಳಗಿನ ಬಾಗಿಲಿನಿಂದ ಬಿಲ ಸೇರುತ್ತದೆ. ಕೊಕ್ಕರೆಗೆ ಇಷ್ಟು ಸಾಕು. ನೀರುನಾಯಿ ಬಿಲದೊಳಗೆ ಹಿಡಿಸುವುದಿಲ್ಲ. ಹೆಣ್ಣು ಮಿಂಕ್ ಮಾತ್ರ ನೀರಿನಲ್ಲೂ ಅಟ್ಟಿಸಿಕೊಂಡು ಹೋಗುತ್ತದೆ, ಬಿಲದೊಳಗೂ ನುಗ್ಗುತ್ತದೆ. ತಪ್ಪಿಸಿಕೊಳ್ಳಲು ವೋಲ್‌ಗೆ ಇನ್ನೊಂದು ದಾರಿಯೇ ಇಲ್ಲ. ದಡಗಳನ್ನು ಬೋಳು ಮಾಡಿದ ಬೇಸಾಯದ್ದೂ ಇದರಲ್ಲಿ ಪಾಲಿದೆ. 1990ರ ಆಸುಪಾಸಿನ ಸಮೀಕ್ಷೆಗೂ 1990ರ ದಶಕದ ಕೊನೆಯ ಸಮೀಕ್ಷೆಗೂ ನಡುವೆ, ಒಂದು ದಶಕದೊಳಗೆ, ಬ್ರಿಟನ್ನಿನ ವೋಲ್‌ಗಳಲ್ಲಿ ಸುಮಾರು ಶೇಕಡಾ 90ರಷ್ಟು ಹೋಗಿಬಿಟ್ಟವು. ನೀರುನಾಯಿ ಮಿಂಕ್ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿದರೂ ವೋಲ್‌ಗೆ ಲಾಭವಿಲ್ಲ. ಒಂದೇ ಒಂದು ಹೆಣ್ಣು ಮಿಂಕ್ ಉಳಿದರೂ ಒಂದು ದಂಡೆಯ ವೋಲ್‌ಗಳನ್ನು ಮುಗಿಸಬಲ್ಲದು.

ಹಾಗಾಗಿ ಮಿಂಕ್ ಹಿಡಿಯಲೇಬೇಕು. ಹೇಗೆ? ಹಿಂದೆ ಕಣ್ಣಂದಾಜಿಗೆ ಬೋನು ಇಟ್ಟು, ದಿನಾ ಹೋಗಿ ನೋಡಿ, ಖಾಲಿ ಕೈಯಲ್ಲಿ ಬರುತ್ತಿದ್ದರು. 2000ದ ದಶಕದಲ್ಲಿ ಜೊನಾಥನ್ ರೆನಾಲ್ಡ್ಸ್ ಮತ್ತು ಅವರ ತಂಡ ಒಂದು ತೆಪ್ಪ ಮಾಡಿದರು. ನಾಲ್ಕಡಿ ಉದ್ದದ ಪ್ಲೈವುಡ್, ಅದು ತೇಲಲು ಥರ್ಮಾಕೋಲ್. ಮೇಲೆ ಎರಡೂ ಕಡೆ ತೆರೆದ ಮರದ ಗೂಡು. ಗೂಡಿನ ತಳದಲ್ಲಿ, ಹೂವಿನ ಅಲಂಕಾರದವರು ದಂಟು ಚುಚ್ಚಲು ಬಳಸುತ್ತಾರಲ್ಲ, ಆ ಹಸಿರು ಸ್ಪಂಜು. ಸ್ಪಂಜಿನ ಮೇಲೆ ಜೇಡಿಮಣ್ಣು ಮರಳು ಕಲಸಿದ ತೆಳು ಪದರ. ಸ್ಪಂಜು ಕೆಳಗಿನಿಂದ ನೀರು ಹೀರುತ್ತಿರುತ್ತದೆ, ಮಣ್ಣು ವಾರಗಟ್ಟಲೆ ಒಣಗುವುದಿಲ್ಲ. ಕತ್ತಲ ಗೂಡು ಕಂಡರೆ ಮಿಂಕ್‌ಗೆ ಒಳಗೆ ಇಣುಕದೆ ಇರಲಾಗುವುದಿಲ್ಲ. ಇಣುಕಿತೋ, ಹೆಜ್ಜೆ ಮೂಡಿತು. ನೀರುನಾಯಿಯ ಹೆಜ್ಜೆ ಅದರ ಎರಡು ಪಟ್ಟು ದೊಡ್ಡದು, ಗೊಂದಲವಿಲ್ಲ. ಮಿಂಕ್ ಹೆಜ್ಜೆ ಕಂಡ ಮೇಲಷ್ಟೇ ಅದೇ ಗೂಡಿನಲ್ಲಿ ಬೋನು ಇಡುತ್ತಾರೆ. ಬೋನಿನ ಬಾಯಿಗೆ ಒಂದು ಅಡ್ಡ ಚೌಕಟ್ಟು ಇರುತ್ತದೆ. ಮಿಂಕ್ ನುಸುಳುತ್ತದೆ, ನೀರುನಾಯಿಗೆ ಆಗುವುದಿಲ್ಲ. ಈಗ ಬೋನಿನ ಬಾಗಿಲು ಬಿದ್ದ ಕೂಡಲೇ ಮೊಬೈಲ್‌ಗೆ ಸಂದೇಶ ಹೋಗುವ ಸಾಧನವನ್ನೂ ಜೋಡಿಸುತ್ತಾರೆ. ಕಾಯುವವರು ಬಹುಪಾಲು ಸ್ವಯಂಸೇವಕರು, ರೈತರು. ಅವರಿಗೆ ದಿನಾ ಹೊಳೆಗೆ ನಡೆಯುವುದು ತಪ್ಪಿತು. ಸಿಕ್ಕಿಬಿದ್ದ ಪ್ರಾಣಿ ಗಂಟೆಗಟ್ಟಲೆ ಒದ್ದಾಡುವುದೂ ತಪ್ಪಿತು.

ಸಿಕ್ಕ ಮಿಂಕ್ ಏನಾಗುತ್ತದೆ ಎಂದು ನೀವು ಕೇಳಿಯೇ ಕೇಳುತ್ತೀರಿ. ಕೊಲ್ಲುತ್ತಾರೆ, ತಲೆಗೆ ಏರ್ ಪಿಸ್ತೂಲಿನ ಒಂದು ಗುಂಡಿನಿಂದ. ಹಿಡಿದದ್ದನ್ನು ಮತ್ತೆ ಹೊಳೆಗೆ ಬಿಡುವುದು ಅಲ್ಲಿನ ಕಾನೂನಿನ ಪ್ರಕಾರ ಅಪರಾಧ. ಮಿಂಕ್‌ನದು ಯಾವ ತಪ್ಪೂ ಇಲ್ಲ. ಅದನ್ನು ಹಡಗಿನಲ್ಲಿ ತಂದವರು ಮನುಷ್ಯರು. ಇದು ನನ್ನನ್ನು ಕಾಡುತ್ತದೆ, ಆದರೂ ಕೊಲ್ಲುವವರ ಪರವೇ ನಾನಿದ್ದೇನೆ. ಯಾಕೆಂದರೆ ಕೈ ಕಟ್ಟಿ ಕೂತರೂ ಸಾವು ನಡೆಯುತ್ತಲೇ ಇರುತ್ತದೆ, ನಮಗೆ ಕಾಣದ ಬಿಲಗಳಲ್ಲಿ. ಆದರೆ ಒಂದು ಷರತ್ತು. ಕೊಲ್ಲುವುದಾದರೆ ಮುಗಿಸುವ ಯೋಜನೆ ಇಟ್ಟುಕೊಂಡೇ ಕೊಲ್ಲಬೇಕು. ಒಂದು ಊರಿನಲ್ಲಿ ಹಿಡಿದು ಪಕ್ಕದ ಊರಿನಲ್ಲಿ ಹಿಡಿಯದೆ ಸುಮ್ನಿದ್ದರೆ, ವಸಂತದ ಹೊತ್ತಿಗೆ ಹೆಣ್ಣು ಹುಡುಕುವ ಗಂಡುಗಳು, ಶರತ್ಕಾಲದಲ್ಲಿ ತಾಯಿಯನ್ನು ಬಿಟ್ಟು ಹೊರಟ ಮರಿಗಳು ಬಂದು ಜಾಗ ತುಂಬುತ್ತವೆ. ವರ್ಷವರ್ಷವೂ ಕೊಲ್ಲುತ್ತಲೇ ಇರಬೇಕಾಗುತ್ತದೆ.

ಇಂಗ್ಲೆಂಡಿನ ಪೂರ್ವದಲ್ಲಿ, ನಾರ್ಫೋಕ್, ಸಫೋಕ್ ಜಿಲ್ಲೆಗಳಲ್ಲಿ, ಇದನ್ನು ಅರಿತು ಇಡೀ ಪ್ರದೇಶಕ್ಕೆ ಒಟ್ಟಿಗೆ ನೂರಾರು ತೆಪ್ಪ ಹಾಕಿದರು. ಕೆಲವೇ ವರ್ಷಗಳಲ್ಲಿ ಅದರ ನಡುಭಾಗದಲ್ಲಿ ಮಿಂಕ್ ಮರಿ ಹಾಕಿದ ಸುಳಿವೇ ಸಿಗದಂತಾಯಿತು. ಅಂಚಿನಿಂದ ಒಳನುಗ್ಗುವ ಮಿಂಕ್‌ಗಳನ್ನು ತಡೆಯಲು ಸುತ್ತ ಒಂದು ವಲಯವನ್ನು ಕಾಯುತ್ತಿದ್ದಾರೆ, ಆ ವಲಯವನ್ನು ಹೊರಕ್ಕೆ ಸರಿಸುತ್ತಾ ಹೋಗುವುದು ಅವರ ಲೆಕ್ಕ. ಮಿಂಕ್ ಇಲ್ಲದ ಹೊಳೆಯಲ್ಲೂ ತೆಪ್ಪಗಳನ್ನು ತೆಗೆದಿಲ್ಲ. ಕಣ್ತಪ್ಪಿದ ಒಂದು ಬಸುರಿ ಹೆಣ್ಣು ವಸಂತದಲ್ಲಿ ನಾಲ್ಕರಿಂದ ಆರು ಮರಿ ಹಾಕುತ್ತದೆ.

ತೆಪ್ಪದ ಚಿತ್ರ, ಎರಡೂ ಪ್ರಾಣಿಗಳ ಹೆಜ್ಜೆ ಗುರುತಿನ ಚಿತ್ರಗಳನ್ನು ಆ ಮೇಜಿನ ಮೇಲೆ ಇಟ್ಟಿದ್ದೇನೆ, ಬಂದು ನೋಡಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.