ಬಾಕುವಿನ ಮಕ್ಕಳ ಮೇಷ್ಟ್ರು

ಗಾಳಿ ಸದ್ದು ಜಾಸ್ತಿ ಕೇಳಿಸಿದರೆ ಬೇಜಾರು ಮಾಡಿಕೊಳ್ಳಬೇಡಿ. ಅಜರ್‌ಬೈಜಾನಿನ ರಾಜಧಾನಿ ಬಾಕು ಅಂದರೆ ಗಾಳಿಗೇ ಹೆಸರಾದ ಊರು. ಆ ಕಡೆ ಕ್ಯಾಸ್ಪಿಯನ್ ಸಮುದ್ರ. ಈ ಕಡೆ ಕಾಣುತ್ತಿರುವ ಕಲ್ಲಿನ ಕಟ್ಟಡವನ್ನು 1910ರಲ್ಲಿ ಸಿನಿಮಾ ಮಂದಿರ ಅಂತ ಕಟ್ಟಿದ್ದು. ಈಗ ಇಲ್ಲಿ ಬೊಂಬೆಯಾಟ ನಡೆಯುತ್ತದೆ. ಇದಕ್ಕೆ ಒಬ್ಬ ಶಾಲಾ ಮೇಷ್ಟ್ರ ಹೆಸರಿಟ್ಟಿದ್ದಾರೆ. ಅಬ್ದುಲ್ಲಾ ಶಾಯಿಗ್.

ಶಾಯಿಗ್ ಅನ್ನುವುದು ಕಾವ್ಯನಾಮ. ಮನೆತನದ ಹೆಸರು ತಾಲಿಬ್‌ಜಾದೆ. ಹುಟ್ಟಿದ್ದು 1881ರಲ್ಲಿ, ಆಗ ತಿಫ್ಲಿಸ್ ಅನ್ನುತ್ತಿದ್ದ, ಇವತ್ತು ಜಾರ್ಜಿಯಾದ ರಾಜಧಾನಿಯಾಗಿರುವ ಟಿಬಿಲಿಸಿಯಲ್ಲಿ. ಹುಡುಗನಾಗಿದ್ದಾಗ ಕೆಲವು ವರ್ಷ ಇರಾನಿನ ಖೊರಾಸಾನ್‌ನಲ್ಲಿ ಓದಿದರು. 1901ರಲ್ಲಿ ಬಾಕುಗೆ ಬಂದು, ಪರೀಕ್ಷೆ ಪಾಸು ಮಾಡಿ, ಮೇಷ್ಟ್ರಾದರು. ಆಮೇಲೆ ಮೂವತ್ತಕ್ಕೂ ಜಾಸ್ತಿ ವರ್ಷ ಅದೇ ಕೆಲಸ.

ಆಗ ಇಲ್ಲಿ ರಷ್ಯಾದ ಝಾರ್ ಆಳ್ವಿಕೆ. ಸರ್ಕಾರಿ ಶಾಲೆಯಲ್ಲಿ ಪಾಠ ಹೆಚ್ಚಾಗಿ ರಷ್ಯನ್ ಭಾಷೆಯಲ್ಲಿ. ಮನೆಮಾತಾದ ಅಜರ್‌ಬೈಜಾನಿಯಲ್ಲಿ ಮಕ್ಕಳು ಓದುವಂಥ ಪುಸ್ತಕ ಬಹಳ ಕಡಿಮೆ. ಇಲ್ಲ ಅಂದಮೇಲೆ ತಾವೇ ಬರೆಯಲು ಕೂತರು ಶಾಯಿಗ್. 1907ರಲ್ಲಿ ಬಂದ ಅವರ ಪಠ್ಯಪುಸ್ತಕದ ಹೆಸರು 'ಉಷಾಗ್ ಚೆಶ್ಮೆಯಿ', ಅಂದರೆ ಮಕ್ಕಳ ಕನ್ನಡಕ. ಆ ಚೆಶ್ಮೆ ಇದೆಯಲ್ಲ, ನಮ್ಮಲ್ಲಿ ಚಸ್ಮಾ ಅನ್ನುತ್ತಾರಲ್ವಾ, ಅದೇ ಪಾರಸಿ ಮೂಲದ ಮಾತು. ಇಷ್ಟು ದೂರದ ಊರಲ್ಲಿ ಅದನ್ನು ಕೇಳಿ ನನಗಂತೂ ತುಂಬಾ ಖುಷಿಯಾಯಿತು.

ಹಜ್ ಯಾತ್ರೆಗೆ ಹೊರಟೆ ಅನ್ನುವ ನರಿಯ ಕಥೆ ಬರೆದರು. ಮಕ್ಕಳಿಗೆ ನಾಟಕ ಬರೆದರು. ಆದರೆ ನನಗೆ ಎಲ್ಲಕ್ಕಿಂತ ಇಷ್ಟ ಅವರ ಎರಡು ಪುಟ್ಟ ಪದ್ಯ. ಒಂದು ಹುಂಜದ್ದು. ಅದರ ಜುಟ್ಟು ರಕ್ತದ ಹಾಗೆ ಕೆಂಪು, ಕಣ್ಣು ಹವಳ. ಇಷ್ಟು ಬೇಗ ಎದ್ದು ಯಾಕೆ ಕೂಗುತ್ತೀಯ, ಮಲಗೋಕೆ ಬಿಡಲ್ವಲ್ಲ ನೀನು ಅಂತ ಮಗು ಗೋಳಾಡುತ್ತದೆ. ಇನ್ನೊಂದು ಮೇಕೆಯದು. ಮೈಮೇಲೆ ಮಚ್ಚೆ, ತಲೆಮೇಲೆ ಜೋಡಿ ಕೊಂಬು. ಒಬ್ಬಳೇ ಅಲೆಯಬೇಡ, ಬಂಡೆ ಹತ್ತಬೇಡ, ತೋಳ ಎದುರಾದರೆ ಏನು ಮಾಡ್ತೀಯ ಅಂತ ಅದಕ್ಕೆ ಬುದ್ಧಿ ಹೇಳುವುದು. ಉದ್ದುದ್ದ ಉಪದೇಶ ಇಲ್ಲ. ಸಾಲುಗಳೆಲ್ಲ ಚಿಕ್ಕವು, ಕುಣಿಯುತ್ತಾ ಹೋಗುತ್ತವೆ. ಮೇಷ್ಟ್ರಿಗೆ ಮಕ್ಕಳ ಕಿವಿ ಚೆನ್ನಾಗಿ ಗೊತ್ತಿತ್ತು.

1918ರಲ್ಲಿ ಅಜರ್‌ಬೈಜಾನ್ ಸ್ವತಂತ್ರ ಗಣರಾಜ್ಯವಾಯಿತು. ಆ ಕಾಲದಲ್ಲಿ ಬಾಕುವಿನಲ್ಲಿ ಅಜರ್‌ಬೈಜಾನಿ ಭಾಷೆಯಲ್ಲೇ ಪಾಠ ನಡೆಸುವ ಶಾಲೆ ಕಟ್ಟಲು ಶಾಯಿಗ್ ದುಡಿದರು. ಆ ಗಣರಾಜ್ಯ ಉಳಿದದ್ದು ಎರಡೇ ವರ್ಷ. 1920ರ ಏಪ್ರಿಲ್‌ನಲ್ಲಿ ರಷ್ಯಾದ ಕಮ್ಯುನಿಸ್ಟರ ಕೆಂಪು ಸೇನೆ ಬಂತು, ಸೋವಿಯತ್ ಆಳ್ವಿಕೆ ಶುರುವಾಯಿತು. 1937ರ ಹೊತ್ತಿಗೆ, ಸ್ಟಾಲಿನ್ ಕಾಲದಲ್ಲಿ, ಶಾಯಿಗ್ ಅವರ ಜೊತೆಗಾರ ಬರಹಗಾರರನ್ನು ಹಿಡಿದೊಯ್ದರು. ಕವಿ ಅಹ್ಮದ್ ಜವಾದ್ ಅವರನ್ನು ಗುಂಡಿಟ್ಟು ಕೊಂದರು. ನಾಟಕಕಾರ ಹುಸೇನ್ ಜಾವಿದ್ ಸೈಬೀರಿಯಾದಿಂದ ಜೀವಂತ ವಾಪಸ್ ಬರಲೇ ಇಲ್ಲ. ಶಾಯಿಗ್ ಉಳಿದರು. 1959ರಲ್ಲಿ ಬಾಕುವಿನಲ್ಲೇ ತೀರಿಕೊಂಡರು.

ಇನ್ನೊಂದು ವಿಷಯ ಹೇಳಲೇಬೇಕು. ಶಾಯಿಗ್ ಬರೆಯಲು ಶುರು ಮಾಡಿದ್ದು ಅರಬ್ಬಿ ಲಿಪಿಯಲ್ಲಿ. 1929ರಲ್ಲಿ ಅದನ್ನು ಬಿಟ್ಟು ಲ್ಯಾಟಿನ್ ಲಿಪಿ ಜಾರಿಗೆ ಬಂತು. 1940ರಲ್ಲಿ ಅದೂ ಹೋಗಿ ರಷ್ಯನ್ ಬರೆಯುವ ಸಿರಿಲಿಕ್ ಲಿಪಿ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಮತ್ತೆ ಲ್ಯಾಟಿನ್. ಯೋಚನೆ ಮಾಡಿ, ಅಜ್ಜ ಓದಿದ ಪುಸ್ತಕವನ್ನು ಮಗ ಓದಲಾರ, ಮಗ ಓದಿದ್ದನ್ನು ಮೊಮ್ಮಗ ಓದಲಾರ. ಭಾಷೆ ಒಂದೇ, ಲಿಪಿ ಬದಲಾದದ್ದು ಮೂರು ಸಲ.

ಟಿಕೆಟ್ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅಜ್ಜಿ, ಮೊಮ್ಮಗನ ಕೈ ಹಿಡಿದು ನಿಂತಿದ್ದರು. ಸುಮ್ನೆ, ಕಷ್ಟಪಟ್ಟು ಬಾಯಿಪಾಠ ಮಾಡಿಕೊಂಡಿದ್ದ ಮೇಕೆ ಪದ್ಯದ ಮೊದಲ ಸಾಲು ಹೇಳಿದೆ. ನನ್ನ ಉಚ್ಚಾರ ಕೇಳಿ ಅಜ್ಜಿ ನಕ್ಕುಬಿಟ್ಟರು. ಎರಡನೇ ಸಾಲು ಅವರೇ ಹೇಳಿದರು. ಮೂರನೆಯದನ್ನು ಹುಡುಗ ಕಿರುಚಿದ. ಆಮೇಲೆ ಇಬ್ಬರೂ ಸೇರಿ, ಕೈ ಬೀಸುತ್ತಾ, ತೋಳ ಬರುವವರೆಗೂ ಹೇಳಿದರು. ಅಜ್ಜಿ ಕಲಿತದ್ದು ಸಿರಿಲಿಕ್‌ನಲ್ಲಿ, ಹುಡುಗ ಕಲಿಯುತ್ತಿರುವುದು ಲ್ಯಾಟಿನ್‌ನಲ್ಲಿ.

ಬಾಗಿಲು ತೆರೆದರು. ಬನ್ನಿ, ಒಳಗೆ ಹೋಗೋಣ.